ಅರ್ಜಿಗೆ ಒಂದು ಸಂಜೆ, ಅತ್ತೆಯ ಮಾತಿಗೆ ಎರಡು ವರ್ಷ

ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಲು ಹೊರಟಾಗ ಮೊದಲು ಬೇಕಾಗಿದ್ದು ನಮ್ಮ ಮದುವೆಯ ಕಾಗದ. ಮದುವೆಯಾಗಿ ಹತ್ತು ವರ್ಷವಾಗಿತ್ತು. ಕುಮಟಾದ ಅರ್ಧ ಪೇಟೆ ಬಂದು ಉಂಡು ಹೋಗಿತ್ತು. ಆದರೆ ನಾವಿಬ್ಬರೂ ಗಂಡ ಹೆಂಡತಿ ಅಂತ ಹೇಳುವ ಸರ್ಕಾರಿ ಕಾಗದ ಒಂದೂ ಇರಲಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಮದುವೆ ಫೋಟೋ ತನ್ನಿ, ಲಗ್ನಪತ್ರಿಕೆ ತನ್ನಿ, ಸಾಕ್ಷಿಗಳನ್ನು ಕರ್ಕೊಂಡು ಬನ್ನಿ ಅಂದರು. ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ಯಾರ ಮನೆಯಲ್ಲಿರುತ್ತದೆ? ಅಂಕೋಲಾದ ತವರಿನಲ್ಲಿ ಅಮ್ಮನ ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು. ಅದರ ಹಿಂದೆ ಅಮ್ಮ ಅಡುಗೆಯವರಿಗೆ ಕೊಟ್ಟ ಮುಂಗಡದ ಲೆಕ್ಕ ಬರೆದಿಟ್ಟಿದ್ದಳು. ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ, "ಲೆಕ್ಕ ಇದೆ ಅಂದ್ರೆ ಮದುವೆ ಆಗಿದ್ದು ಖರೆ" ಅಂದರು. ಸಾಕ್ಷಿಗೆ ಬಂದ ಇವರ, ಅಂದರೆ ನನ್ನ ಗಂಡನ, ಸೋದರಮಾವ ಸಹಿ ಹಾಕುತ್ತಾ, "ಈಗ ಯಾಕ್ರೋ ಇದು? ಡೈವೋರ್ಸಾ?" ಅಂತ ಕೇಳಿದರು. ನಾವು ನಕ್ಕು ಸುಮ್ಮನಾದೆವು. ಆಗಿನ್ನೂ ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ.

ಅದು 2021ರ ಫೆಬ್ರವರಿ. ನಿಜವಾಗಿ ಶುರುವಾಗಿದ್ದು ಅದಕ್ಕೂ ಎರಡು ವರ್ಷ ಹಿಂದೆ.

ಮಗುವಾಗಲಿ ಅಂತ ಐವಿಎಫ್ ಚಿಕಿತ್ಸೆ ಎರಡು ಸಲ ಮಾಡಿಸಿದ್ದೆವು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಎರಡನೆಯದೂ ಕೈಕೊಟ್ಟ ಮೇಲೆ ಒಂದು ರಾತ್ರಿ ಜಗಲಿಯಲ್ಲಿ ಕೂತು, "ದತ್ತು ತಗೊಳ್ಳೋಣ ಅಲ್ವಾ" ಅಂದೆ. ಇವರು ತಕ್ಷಣ ಹೂಂ ಅಂದರು. ನಾನು ಯಾವಾಗ ಕೇಳುತ್ತೇನೆ ಅಂತಲೇ ಕಾಯುತ್ತಿದ್ದರಂತೆ. ಮರುದಿನ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಅತ್ತೆಗೆ ಹೇಳಿದೆವು. ಅತ್ತೆ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. ದೋಸೆ ಮಗುಚಿ ಹಾಕಿದರು, ತೆಗೆದರು, ಇನ್ನೊಂದು ಹುಯ್ದರು. ಒಂದು ಮಾತೂ ಆಡಲಿಲ್ಲ. ಆಮೇಲೆ ಎರಡು ವರ್ಷ ಆ ವಿಷಯ ಎತ್ತಿದಾಗಲೆಲ್ಲ ಹೀಗೇ. ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಜಾತಿ ಗೊತ್ತಿಲ್ಲದ ಮಗು ಬೇಡ ಅಂತ ಅತ್ತೆಯ ಮನಸ್ಸಿನಲ್ಲಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ ಅಂತ ನಾನು ತೀರ್ಮಾನ ಮಾಡಿಕೊಂಡೆ. ಒಂದೆರಡು ಸಲ ಸಿಟ್ಟಿನಲ್ಲಿ ಇವರ ಹತ್ತಿರ ಹಾಗೆ ಅಂದೂಬಿಟ್ಟೆ.

ಈ ನಡುವೆ ಇನ್ನೊಂದು ನಡೆಯಿತು. ಪರಿಚಯದ ಹೆಂಗಸೊಬ್ಬರು ಮನೆಗೆ ಬಂದು, ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ದಿನ ತುಂಬಿದ ಹುಡುಗಿ ಇದ್ದಾಳೆ, ಮದುವೆಯಾಗಿಲ್ಲ, ಅವಳ ಮನೆಯವರಿಗೆ ಮಗು ಬೇಡ ಅಂದರು. "ಮೂರು ಲಕ್ಷ ಆಗ್ತದೆ. ಬರ್ತ್ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲೇ ಬರ್ತದೆ. ಯಾರಿಗೂ ಗೊತ್ತಾಗೋದಿಲ್ಲ." ನಾವು ಆ ಕ್ಷಣವೇ ಬಾಗಿಲು ತೋರಿಸಿದೆವು ಅಂತ ಬರೆಯಬೇಕು ಅನ್ನಿಸುತ್ತದೆ. ಹಾಗೆ ಆಗಲಿಲ್ಲ. ಮೂರು ರಾತ್ರಿ ಯೋಚಿಸಿದೆವು. ಸೊಸೈಟಿಯಲ್ಲಿದ್ದ ಠೇವಣಿ ಮುರಿಸಿದರೆ ಎಷ್ಟು ಬರುತ್ತದೆ ಅಂತ ಲೆಕ್ಕ ಕೂಡ ಹಾಕಿದೆ. ನಾನು ಕೆಲಸ ಮಾಡುವುದು ಸಹಕಾರಿ ಸಂಘದಲ್ಲಿ, ಲೆಕ್ಕ ಹಾಕಲು ಎಷ್ಟು ಹೊತ್ತು?

ನಾಲ್ಕನೇ ದಿನ ಇವರು ಒಂದೇ ಮಾತು ಕೇಳಿದರು. "ನಾಳೆ ಆ ಹುಡುಗಿ ಬಂದು ಬಾಗಿಲಲ್ಲಿ ನಿಂತರೆ ಏನು ಹೇಳೋದು?" ಅಲ್ಲಿಗೆ ಅದು ಮುಗಿಯಿತು. ಅದು ಎಂಥಾ ಅಪರಾಧ ಅಂತ ಆಮೇಲೆ ತಿಳಿಯಿತು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು ಮಾರಿದರೂ ಕೊಂಡರೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ದುಡ್ಡು ಕೈ ಬದಲಾಗದೆ ಸುಮ್ನೆ ಮಗುವನ್ನು ಕೊಟ್ಟು ತಗೊಂಡರೂ ಮೂರು ವರ್ಷದವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿ ಈ ವಿಷಯ ತಿಳಿಸಬೇಕಿತ್ತು. ಮಾಡಲಿಲ್ಲ. ಆ ಮಗು ಎಲ್ಲಿ ಹೋಯಿತೋ. ಈ ಅಳುಕು ಇನ್ನೂ ಇದೆ.

ಆ ಹೆದರಿಕೆಯಲ್ಲೇ ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋದೆವು. ಇಂಥದೊಂದು ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ನಾಲ್ಕೈದು ಜನರ ಕೈಗೆ ದುಡ್ಡು ಕೊಡಬೇಕಾಗುತ್ತದೆ ಅಂದುಕೊಂಡು ಹೋಗಿದ್ದೆವು. ಅಲ್ಲಿದ್ದ ಮೇಡಂ ಕುರ್ಚಿ ತೋರಿಸಿ, ನೀರು ಕೊಟ್ಟು, ಒಂದು ತಾಸು ಮಾತಾಡಿದರು. ಯಾರ ಶಿಫಾರಸೂ ಬೇಡ, ಹೆಸರು ಹಾಕುವುದು ಆನ್‌ಲೈನಿನಲ್ಲಿ, ಇಡೀ ದೇಶಕ್ಕೆ ಕಾರಾ ಅನ್ನುವ ಒಂದೇ ಕೇಂದ್ರ ಪ್ರಾಧಿಕಾರ, ಹೆಸರು ಹಾಕಿದ ತಾರೀಖಿನ ಮೇಲೆ ಸರದಿ ಅಂದರು. ಇಷ್ಟು ಸಲೀಸಾ ಅಂತ ನಾವು ಮುಖ ನೋಡಿಕೊಂಡೆವು. "ಸಲೀಸೇ. ಆದ್ರೆ ಬೇಗ ಆಗೋದಿಲ್ಲ" ಅಂದರು. ಏಳುವಾಗ, "ಮನೆಯಲ್ಲಿ ಹಿರಿಯರಿದ್ದಾರಾ? ಅವರ ಹತ್ತಿರ ಮಾತಾಡಿ. ಮಗು ಬಂದ ಮೇಲೆ ಹಗಲೆಲ್ಲ ಅವರ ಜೊತೆಗೇ ತಾನೇ ಇರೋದು?" ಅಂದರು.

ಕುಮಟಾಕ್ಕೆ ಮರಳುವ ಬಸ್ಸಿನಲ್ಲಿ ನಾನು ಅತ್ತೆಯ ದೋಸೆ ಕಾವಲಿಯನ್ನೇ ನೆನೆಯುತ್ತಾ ಕೂತಿದ್ದೆ.

ಅರ್ಜಿ ತುಂಬಿದ್ದು ಒಂದು ಸಂಜೆ. ಆಧಾರ್, ಪ್ಯಾನ್, ಜನನ ದಾಖಲೆ, ವಾಸದ ದಾಖಲೆ, ಆದಾಯದ ದಾಖಲೆ, ಇಬ್ಬರದೂ ಒಂದು ಫೋಟೋ, ಆ ಮದುವೆ ಸರ್ಟಿಫಿಕೇಟ್. ನಮಗೆ ಗಂಭೀರವಾದ, ಅಂಟುವ ಕಾಯಿಲೆ ಯಾವುದೂ ಇಲ್ಲ ಅಂತ ಡಾಕ್ಟರ ಪತ್ರ. ಈ ಪತ್ರಕ್ಕೆ ನಾಲ್ಕು ಸಲ ಅಲೆದೆ. ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಡ್ರೈವಿಂಗ್ ಲೈಸೆನ್ಸಿಗೆ ಕೊಡುವ ಫಾರಂ ತುಂಬಿ ಕೊಟ್ಟರು. ಅದರಲ್ಲಿ ನನ್ನ ಕಣ್ಣು ಚೆನ್ನಾಗಿದೆ ಅಂತಿತ್ತು. ಕೊನೆಗೆ ಬೇಕಾದ ಒಕ್ಕಣೆಯನ್ನು ನಾನೇ ಕಾಗದದಲ್ಲಿ ಬರೆದುಕೊಂಡು ಹೋದೆ.

ಅರ್ಜಿಯಲ್ಲಿ ಒಂದು ಕಡೆ ಕೈ ನಿಂತಿತು. ಗಂಡೋ ಹೆಣ್ಣೋ ಯಾವುದಾದರೂ ಸರಿಯೋ? ಎಷ್ಟು ವಯಸ್ಸಿನವರೆಗೆ? ಆರೋಗ್ಯದಲ್ಲಿ ವಿಶೇಷ ಅಗತ್ಯ ಇರುವ ಮಗುವಾದರೆ? ಹೆಣ್ಣು ಗಂಡಿನ ಪ್ರಶ್ನೆಗೆ "ಯಾವುದಾದರೂ" ಅಂದೆವು. ವಯಸ್ಸು ಎರಡರೊಳಗೆ. ಮೂರನೆಯದಕ್ಕೆ "ಇಲ್ಲ" ಒತ್ತಿದೆವು. ಒತ್ತಿದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ದೊಡ್ಡ ಮಕ್ಕಳಿಗೆ, ಕಾಯಿಲೆ ಇರುವ ಮಕ್ಕಳಿಗೆ, ಒಟ್ಟಿಗೇ ಹೋಗಬೇಕಾದ ಅಣ್ಣ ತಂಗಿಯರಿಗೆ ಅಪ್ಪ ಅಮ್ಮ ಸಿಗುವುದು ಕಷ್ಟ. ಎರಡರೊಳಗಿನ, ಆರೋಗ್ಯವಾಗಿರುವ ಮಗುವಿಗೆ ಮಾತ್ರ ಉದ್ದ ಸಾಲು. ನಾವೂ ಆ ಉದ್ದ ಸಾಲಿನಲ್ಲೇ ಹೋಗಿ ನಿಂತೆವು. ಕಾಯುವುದು ಜಾಸ್ತಿಯಾಯಿತು ಅಂತ ದೂರುವಾಗ ಇದು ನೆನಪಿರಬೇಕು ಅಂತ ಇವರು ಆಗಾಗ ಹೇಳುತ್ತಿದ್ದರು.

ವಯಸ್ಸಿನ ಲೆಕ್ಕ ಒಂದು ಹೇಳಿಬಿಡುತ್ತೇನೆ, ನನ್ನನ್ನು ಕೇಳುವವರು ಬಹಳ. ಈಗಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ದಾಟಬಾರದು. ಒಬ್ಬರೇ ಇದ್ದರೆ 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90 ಮತ್ತು 45. ಒಂಟಿ ಹೆಂಗಸರೂ ತೆಗೆದುಕೊಳ್ಳಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಐವಿಎಫ್ ಐದಾರು ಸಲ ಮುಗಿಸಿಯೇ ದತ್ತಿನ ಕಡೆ ನೋಡೋಣ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಹೆಸರು ಹಾಕಿಟ್ಟಿರಿ, ಸರದಿ ಬರಲು ವರ್ಷಗಳೇ ಬೇಕು.

ಹೋಂ ಸ್ಟಡಿ ಅನ್ನೋದು ಕೇಳಲು ಪರೀಕ್ಷೆಯ ಹಾಗಿದೆ. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು, ನೋಡಿ, ಮಾತಾಡಿ ವರದಿ ಬರೆಯುತ್ತಾರೆ. ಅದಕ್ಕೆ 6,000 ರೂಪಾಯಿ ಕಟ್ಟಬೇಕು. ಕೊರೊನಾದ ಎರಡನೇ ಅಲೆಯಿಂದ ತಡವಾಗಿ ಆಗಸ್ಟಿನಲ್ಲಿ ಬಂದರು. ನಾನು ಹಿಂದಿನ ದಿನ ಇಡೀ ಮನೆ ತೊಳೆದಿದ್ದೆ, ಪರದೆ ಬದಲಾಯಿಸಿದ್ದೆ. ಅವರು ಪರದೆ ನೋಡಲೇ ಇಲ್ಲ. ಹಿತ್ತಿಲಿಗೆ ಹೋಗಿ ಬಾವಿ ಕಟ್ಟೆಯ ಪಕ್ಕ ನಿಂತರು. ಕಟ್ಟೆ ಅವರ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬಂತು. "ಇದಕ್ಕೆ ಏನಾದ್ರೂ ಮಾಡಿ" ಅಂದರು. ಮುಂದಿನ ವಾರವೇ ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಕಬ್ಬಿಣದ ಜಾಲರಿಯ ಮುಚ್ಚಳ ಮಾಡಿಸಿದೆವು. ಮಗು ಬರುವ ಹೊತ್ತಿಗೆ ಅದು ಉಪ್ಪುಗಾಳಿಗೆ ತುಕ್ಕು ಹಿಡಿದು ಉದುರಿಹೋಗಿ, ಎರಡನೆಯದು ಮಾಡಿಸಬೇಕಾಯಿತು. ನಾವು ಎಷ್ಟು ಕಾದೆವು ಅಂತ ಯಾರಾದರೂ ಕೇಳಿದರೆ ಇವರು ಒಂದು ಜಾಲರಿ ಕಾಲ ಅನ್ನುತ್ತಾರೆ.

ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು, ಆಮೇಲೆ ಬೇರೆ ಬೇರೆ. ಜಗಳವಾದರೆ ಯಾರು ಮೊದಲು ಮಾತಾಡಿಸುತ್ತೀರಿ? ಮಗು ಹೇಳಿದ ಮಾತು ಕೇಳದಿದ್ದರೆ ಏನು ಮಾಡುತ್ತೀರಿ? ನೀನು ದತ್ತು ಬಂದವಳು ಅಂತ ಯಾವಾಗ ಹೇಳುತ್ತೀರಿ? ಈ ಕೊನೆಯ ಪ್ರಶ್ನೆಗೆ ನಾನು "ಹದಿನೆಂಟಾದ ಮೇಲೆ" ಅಂದೆ. ಅವರು ಪೆನ್ನು ಕೆಳಗಿಟ್ಟು, "ಅಷ್ಟರೊಳಗೆ ಊರವರು ಹೇಳಿರ್ತಾರೆ" ಅಂದರು.

ಕೊನೆಗೆ ಅತ್ತೆಯನ್ನು ಕರೆಯಿರಿ ಅಂದರು. ನನಗೆ ಎದೆ ಡವಡವ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಂಬಕ್ಕೆ ಒರಗಿ ಕೂತರು.

"ಅಮ್ಮಾ, ಮನೆಗೆ ಮಗು ಬರೋದು ನಿಮಗೆ ಇಷ್ಟ ಇದೆಯಾ?"

ಅತ್ತೆ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದ್ದು ನನಗೆ ಹೆಚ್ಚುಕಡಿಮೆ ಅಕ್ಷರಶಃ ನೆನಪಿದೆ.

"ನಮ್ಮ ಯಜಮಾನ್ರೂ ದತ್ತು ಬಂದವ್ರೇ. ದೊಡ್ಡಪ್ಪನಿಗೆ ಗಂಡು ಇರ್ಲಿಲ್ಲ ಅಂತ ಏಳು ವರ್ಷಕ್ಕೆ ಈ ಮನೆಗೆ ಕೊಟ್ಟಿದ್ರು. ಗದ್ದೆ ಅವ್ರ ಹೆಸ್ರಿಗೇ ಬಂತು, ಎಲ್ಲಾ ಬಂತು. ಆದ್ರೆ ಸಾಯೋ ತನಕ ಊಟಕ್ಕೆ ಕೂತ್ರೆ ಎರಡನೇ ಸಲ ಅನ್ನ ಕೇಳ್ದವ್ರಲ್ಲ. ಹಾಕಿದಷ್ಟು ಉಂಡು ಏಳೋದು. ಹಸಿವಾಗಿದೆ ಅಂತ ನನಗೆ ಗೊತ್ತಾಗ್ತಿತ್ತು. ನಾನು ಬಡಿಸೋಕೆ ಹೋದ್ರೆ ಕೈ ಅಡ್ಡ ಹಿಡಿಯೋರು. ಸಣ್ಣವರಿದ್ದಾಗ ಯಾರೋ ಏನೋ ಅಂದಿದ್ರಂತೆ. ಇನ್ನೊಂದು ಮಗುವಿಗೆ ಹಾಗೆ ಆಗೋದು ಬೇಡ ಅಂತ ನಾನು ಸುಮ್ನಿದ್ದೆ."

ಇವರು ಮಗ. ಮೂವತ್ತೆಂಟು ವರ್ಷ ಅದೇ ಮನೆಯಲ್ಲಿ ಇದ್ದವರು. ಅವರಿಗೂ ಇದು ಗೊತ್ತಿರಲಿಲ್ಲ. ಮಾವ ಮಿತವಾಗಿ ಉಣ್ಣುತ್ತಿದ್ದರು ಅಂತಷ್ಟೇ ಅಂದುಕೊಂಡಿದ್ದರು. ನಾನು ಎರಡು ವರ್ಷ ಮನಸ್ಸಿನಲ್ಲೇ ಅತ್ತೆಯ ಮೇಲೆ ಹೊರಿಸಿದ್ದನ್ನು ನೆನೆದು ತಲೆ ತಗ್ಗಿಸಿದೆ.

ಹಳೆಯ ದತ್ತು ಹಾಗೇ ಇತ್ತು. ಗದ್ದೆ ತೋಟಕ್ಕೊಬ್ಬ ವಾರಸುದಾರ, ಪಿಂಡ ಇಡಲೊಬ್ಬ ಗಂಡು ಅಂತ ದಾಯಾದಿಗಳ ಮನೆಯಿಂದ ತರುತ್ತಿದ್ದರು. ಮನೆಗೆ ಮಗ ಬೇಕಿತ್ತು, ಹುಡುಗನಿಗೆ ಏನು ಬೇಕಿತ್ತು ಅಂತ ಕೇಳಿದವರಿಲ್ಲ. ಆ ದಾರಿ ಈಗಲೂ ಮುಚ್ಚಿಲ್ಲ. ಹಿಂದೂಗಳಿಗೆ 1956ರ ದತ್ತಕ ಕಾಯ್ದೆ ಇದೆ, ಸಂಬಂಧಿಕರ ಮಗುವನ್ನು ದತ್ತಕ ಪತ್ರ ನೋಂದಣಿ ಮಾಡಿಸಿ ತೆಗೆದುಕೊಳ್ಳುವವರು ಇದ್ದಾರೆ. ಅನಾಥ ಮಕ್ಕಳು, ಬಿಟ್ಟುಹೋದ ಮಕ್ಕಳು, ಸಾಕಲಾರದೆ ಹೆತ್ತವರೇ ಒಪ್ಪಿಸಿದ ಮಕ್ಕಳು ಬರುವುದು ಮಾತ್ರ ಕಾರಾದ ದಾರಿಯಲ್ಲಿ. ಅವರನ್ನು ಮೊದಲು ಮಕ್ಕಳ ಕಲ್ಯಾಣ ಸಮಿತಿ ದತ್ತಿಗೆ ಮುಕ್ತ ಅಂತ ಘೋಷಿಸಬೇಕು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು ಎರಡು ತಿಂಗಳು ಕೊಡುತ್ತಾರೆ. ಮೊದಲು ಇದು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಗಿತ್ತು. ಈಗ ಆ ಎರಡು ತಿಂಗಳು ಇರುವುದೇ ಸರಿ ಅನ್ನಿಸುತ್ತದೆ. ಬಾಗಿಲಲ್ಲಿ ಯಾರೋ ಬಂದು ನಿಂತರೆ ಅನ್ನುವ ಇವರ ಪ್ರಶ್ನೆಗೆ ಉತ್ತರ ಅಲ್ಲಿದೆ.

ಹೋಂ ಸ್ಟಡಿ ಮಾಡಿದ ಮೇಡಂ ಹೋಗುವಾಗ, ಶಿರಸಿಯಲ್ಲಿ ಒಂದು ದಂಪತಿ ಇದ್ದಾರೆ, ಅವರನ್ನು ಕೇಳಿ ನಂಬರ್ ಕೊಡುತ್ತೇನೆ ಅಂದರು. ಎರಡು ದಿನದಲ್ಲಿ ಅವರೇ ಫೋನ್ ಮಾಡಿದರು. "ಫೋನಲ್ಲಿ ಎಂಥ ಮಾತು, ಮನೆಗೇ ಬನ್ನಿ."

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕೆಂಪು ಕೆಸರಿನಲ್ಲಿ ಕಾರು ತೆವಳಿ ತೆವಳಿ ಮೇಲೆ ಹತ್ತಿತು. ಅವರದು ಪೇಟೆಯಿಂದ ಸ್ವಲ್ಪ ದೂರ, ಅಡಿಕೆ ತೋಟದ ಮನೆ. ಆಸರಿಗೆ ಏನು ಬೇಕು ಅಂತ ಕೇಳಿ, ಉತ್ತರಕ್ಕೆ ಕಾಯದೆ ಕೋಕಂ ಪಾನಕ ತಂದಿಟ್ಟರು. ಒಂಬತ್ತು ವರ್ಷದ ಮಗಳು ಜಗಲಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅವಳೆದುರು ಹೇಗೆ ಕೇಳುವುದು ಅಂತ ನಾವು ಪಿಸುಗುಡುತ್ತಿದ್ದರೆ ಅವಳೇ ತಲೆ ಎತ್ತಿ, "ನೀವೂ ದತ್ತು ತಗೊಳ್ತೀರಾ? ನನ್ನನ್ನ ತಂದಾಗ ನಾನು ದೇವಿಮನೆ ಘಟ್ಟದಲ್ಲಿ ಎರಡು ಸಲ ವಾಂತಿ ಮಾಡಿದ್ದೆ. ಅಪ್ಪನ ಹೊಸ ಶರ್ಟ್ ಮೇಲೆ" ಅಂದಳು. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದಳು ಅಂದರೆ, ನಾನು ಪಾನಕ ಕುಡಿಯುವುದು ಬಿಟ್ಟು ನಕ್ಕೆ.

ಅವಳಿಗೆ ಯಾವಾಗ ಹೇಳಿದಿರಿ ಅಂತ ಕೇಳಿದೆ. "ಕೂರಿಸಿಕೊಂಡು ಹೇಳಿದ್ದೇ ಇಲ್ಲ" ಅಂದರು ಆ ಅಕ್ಕ. "ಬಂದ ದಿನದಿಂದ ಮಲಗಿಸುವಾಗ ಘಟ್ಟದ ಕಥೆ ಹೇಳ್ತಿದ್ದೆ. ಅವಳಿಗೆ ಅರ್ಥ ಆಗ್ಲಿ ಬಿಡ್ಲಿ. ಒಂದು ದಿನ ಅವಳೇ, ವಾಂತಿ ಕಥೆ ಹೇಳು ಅಂದ್ಳು." ನನ್ನ ಹದಿನೆಂಟು ವರ್ಷದ ಲೆಕ್ಕ ಅಲ್ಲಿಗೆ ಬಿತ್ತು.

ಆವತ್ತು ಊಟ ಮಾಡಿ, ಅವರು ಕವಳ ಹಾಕುತ್ತಾ ಕೂತಾಗ ಸಂಜೆಯ ತನಕ ಮಾತಾಡಿದೆವು. ಕಾರಾದ ನಿಯಮ ನಾನು ಎಲ್ಲಿ ಬೇಕಾದರೂ ಓದಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ವಂಶವೃಕ್ಷ ಬರೆದು ತನ್ನಿ ಅಂದಾಗ ಏನು ಮಾಡಿದರು, ನೆಂಟರು ಮಗುವಿನ ಬಣ್ಣದ ಬಗ್ಗೆ ಮಾತಾಡಿದಾಗ ಏನು ಹೇಳಿದರು, ಇವೆಲ್ಲ ಎಲ್ಲಿ ಸಿಗುತ್ತವೆ?

ಆಮೇಲೆ ಕಾಯುವ ಕಾಲ. ಮೊದಲ ಆರು ತಿಂಗಳು ನಾನು ಬೆಳಿಗ್ಗೆ ಎದ್ದ ಕೂಡಲೇ ಪೋರ್ಟಲ್ ತೆರೆದು ನಮ್ಮ ಸರದಿ ಸಂಖ್ಯೆ ನೋಡುತ್ತಿದ್ದೆ, ಕೆಲವರು ದಿನಭವಿಷ್ಯ ನೋಡುವ ಹಾಗೆ. ನಂಬರ್ ಒಂದು ದಿನ ಇಳಿಯುತ್ತಿತ್ತು, ಒಂದು ದಿನ ಏರುತ್ತಿತ್ತು. ಇವರು ಪಾಸ್‌ವರ್ಡ್ ಬದಲಾಯಿಸಿ, ತಿಂಗಳಿಗೊಮ್ಮೆ ತಾವೇ ನೋಡಿ ಹೇಳುವುದು ಅಂತ ಒಪ್ಪಂದ ಮಾಡಿಕೊಂಡರು. ಅದು ನನಗೆ ಮಾಡಿದ ದೊಡ್ಡ ಉಪಕಾರ. ದೇಶದಲ್ಲಿ ಕಾರಾ ಮೂಲಕ 2024-25ರಲ್ಲಿ ದತ್ತು ಹೋದ ಮಕ್ಕಳು 4,515. ಕಾಯುವ ದಂಪತಿಗಳು ಅದರ ಎಷ್ಟೋ ಪಟ್ಟು. ಯಾರ ಮೇಲೆ ಸಿಟ್ಟು ಮಾಡುವುದು? ಮಕ್ಕಳನ್ನು ಬಿಟ್ಟು ಹೋಗುವವರು ಹೆಚ್ಚಾಗಲಿ ಅಂತ ಬೇಡಿಕೊಳ್ಳಲಾಗುತ್ತದಾ?

ಅಷ್ಟರಲ್ಲಿ ಊರಿಗೆ ಸುದ್ದಿ ಹರಡಿತ್ತು. "ಒಂದು ತಂದ್ಕೊಳ್ಳಿ, ಕಾಲಗುಣಕ್ಕೆ ನಿಮಗೂ ಒಂದು ಆಗ್ತದೆ" ಅಂದವರು ಬಹಳ. ಇನ್ನೊಬ್ಬರ ಮಗು ಹೀಗೆ ಅನ್ನುವವರಿಗೆ ಔಷಧಿಯ ಹಾಗೆ. ಮೀನು ತರುವ ಅಕ್ಕ ಮಾತ್ರ ಬುಟ್ಟಿ ಇಳಿಸುವಾಗಲೆಲ್ಲ, "ಇನ್ನೂ ಬಂದಿಲ್ವಾ? ಸರ್ಕಾರದ ಕೆಲಸ ಅಲ್ದಾ, ಸಾವಕಾಶ" ಅಂದು ಒಂದು ಬಂಗಡೆ ಜಾಸ್ತಿ ಹಾಕಿ ಹೋಗುತ್ತಿದ್ದಳು.

ಹೋಂ ಸ್ಟಡಿ ವರದಿಗೆ ಮೂರೇ ವರ್ಷ ಆಯುಸ್ಸು. ನಮ್ಮದು 2024ರ ಆಗಸ್ಟಿಗೆ ಮುಗಿಯುತ್ತಿತ್ತು, ಜುಲೈನಲ್ಲಿ ಮತ್ತೆ ಮನೆ ನೋಡಲು ಕಾರವಾರದಿಂದ ಬರುವುದು ಅಂತಾಗಿತ್ತು. ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಜನ ಸತ್ತರು, ಕೆಲವರ ದೇಹಕ್ಕಾಗಿ ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ರಸ್ತೆ ಬಂದ್. ಅಂಥ ಹೊತ್ತಿನಲ್ಲಿ ನಮ್ಮ ವರದಿಯ ತಾರೀಖಿನ ಚಿಂತೆ ಬಾಯಿಬಿಟ್ಟು ಹೇಳಲೂ ನಾಚಿಕೆ. ಆದರೆ ಚಿಂತೆ ಇತ್ತು, ಸುಳ್ಳು ಹೇಳುವುದು ಯಾಕೆ? ಮೇಡಂ ರೈಲು ಹಿಡಿದು ಬಂದರು. ಬಾವಿಯ ಜಾಲರಿ ಮುಟ್ಟಿ ನೋಡಿ, ಕೈಗೆ ಹತ್ತಿದ ತುಕ್ಕು ತೋರಿಸಿದರು.

ನವೆಂಬರಿನಲ್ಲಿ ಒಂದು ದಿನ ಪಿಗ್ಮಿ ಏಜೆಂಟರ ಲೆಕ್ಕ ತಾಳೆ ನೋಡುತ್ತಿದ್ದಾಗ ಮೊಬೈಲಿಗೆ ಮೆಸೇಜ್ ಬಂತು. ಒಂದು ಮಗುವಿನ ವಿವರ ನಿಮ್ಮ ಖಾತೆಗೆ ಬಂದಿದೆ, 48 ಗಂಟೆಯೊಳಗೆ ಕಾಯ್ದಿರಿಸಿ. ಅದೇ ದಿನ ನೆಟ್‌ವರ್ಕ್ ಇಲ್ಲ. ಓಟಿಪಿ ಬರದು. ಇವರು ಫೋನ್ ಹಿಡಿದು ಸೊಸೈಟಿಯ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮೇಲೆ ನಿಂತು, ಅಲ್ಲಿಂದ ನಂಬರ್ ಕೂಗಿದರು. ನಾನು ಕೆಳಗೆ ಕಂಪ್ಯೂಟರಿನಲ್ಲಿ ಒತ್ತಿದೆ. ಎರಡನೇ ಸಲಕ್ಕೆ ತೆರೆಯಿತು.

ಹೆಣ್ಣುಮಗು. ಹದಿನಾಲ್ಕು ತಿಂಗಳು. ಮೂರು ಫೋಟೋ. ಒಂದರಲ್ಲಿ ಬಲಗಾಲಿನ ಸಾಕ್ಸ್ ಅರ್ಧ ಕಳಚಿತ್ತು. ನಾನು ಬಹಳ ಹೊತ್ತು ಆ ಸಾಕ್ಸನ್ನೇ ನೋಡಿದೆ, ಮುಖ ನೋಡಲು ಧೈರ್ಯ ಬರಲಿಲ್ಲ. ಮಗುವಿನ ಆರೋಗ್ಯದ ವರದಿಯನ್ನು ಪರಿಚಯದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ತೂಕ ಕಡಿಮೆ ಇದೆ, ರಕ್ತ ಕಡಿಮೆ ಇದೆ, ಬೇರೇನಿಲ್ಲ ಅಂದರು. ಆವತ್ತು ರಾತ್ರಿಯೇ ಒಪ್ಪಿಗೆ ಒತ್ತಿದೆವು.

ಘಟ್ಟದ ಮೇಲಿನ ಒಂದು ಜಿಲ್ಲೆ. ಯಾವುದು ಅಂತ ಬರೆಯುವುದಿಲ್ಲ, ಆ ಕಥೆ ಅವಳದು. ದತ್ತು ಸಂಸ್ಥೆಯಲ್ಲಿ ಅವಳನ್ನು ಆಯಾ ಎತ್ತಿಕೊಂಡು ಬಂದರು. ನಾನು ಕೈ ಚಾಚಿದೆ. ಅವಳು ಆಯಾಳ ಕುತ್ತಿಗೆಗೆ ಅಂಟಿಕೊಂಡು ಕಿರುಚಿದಳು. ಸಿನಿಮಾದಲ್ಲಿ ಆಗುವ ಹಾಗೆ ಏನೂ ಆಗಲಿಲ್ಲ. ಎರಡು ದಿನ ಅಲ್ಲೇ ಇದ್ದು, ಆಯಾಳ ಪಕ್ಕ ಕೂತು, ಅವಳು ಉಣ್ಣಿಸುವುದನ್ನು ನೋಡಿದೆ. ಹೊರಡುವಾಗ ಆಯಾ ತಾನು ಉಟ್ಟು ಹಳತಾದ ಸೀರೆಯ ಒಂದು ತುಂಡು ಕೊಟ್ಟು, "ಒಗೀಬ್ಯಾಡ್ರಿ ಅಕ್ಕಾರ, ವಾಸನಿ ಇರ್ಲಿ" ಅಂದರು. ಇಡೀ ದಾರಿ ಅವಳು ಆ ತುಂಡನ್ನು ಹಿಡಿದುಕೊಂಡೇ ಮಲಗಿದ್ದಳು.

ಕಾನೂನಿನ ಕೆಲಸ ಆಮೇಲೆ ಸಲೀಸಾಗಿ ಆಯಿತು. ನಾವು ಹೆಸರು ಹಾಕಿದಾಗ ದತ್ತು ಆದೇಶ ಕೋರ್ಟಿನಿಂದ ಬರಬೇಕಿತ್ತು. 2022ರ ಸೆಪ್ಟೆಂಬರ್ 1ರಿಂದ ಅದು ಜಿಲ್ಲಾಧಿಕಾರಿಗೆ ಬಂದಿದೆ. ಆದೇಶ ಬರುವವರೆಗೆ ಮಗು ನಮ್ಮ ಪೋಷಣೆಯಲ್ಲಿ ಇರುತ್ತದೆ. ಸಂಸ್ಥೆಗೆ ಕಟ್ಟಿದ್ದು 50,000 ರೂಪಾಯಿ, ರಸೀದಿ ಸಮೇತ. ಫೆಬ್ರವರಿಯಲ್ಲಿ ಆದೇಶ ಬಂತು, ಆಮೇಲೆ ನಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ. ಮೂರು ಲಕ್ಷಕ್ಕೆ ಸಿಗುತ್ತಿದ್ದ ಕಾಗದಕ್ಕೂ ಇದಕ್ಕೂ ನೋಡಲು ವ್ಯತ್ಯಾಸವೇ ಇಲ್ಲ.

ರಜೆಯ ವಿಷಯದಲ್ಲಿ ಮಾತ್ರ ತಕರಾರಿತ್ತು. ಆಗ ಜಾರಿಯಲ್ಲಿದ್ದ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ದತ್ತು ತಾಯಿಗೆ 12 ವಾರ ಹೆರಿಗೆ ರಜೆ ಅಂತ ಬರೆದರು, ಮಗು ಮೂರು ತಿಂಗಳೊಳಗಿನದಾದರೆ ಮಾತ್ರ. ಮಗುವನ್ನು ದತ್ತಿಗೆ ಮುಕ್ತ ಅಂತ ಘೋಷಿಸುವುದಕ್ಕೇ ಎರಡು ತಿಂಗಳು ಹಿಡಿಯುವಾಗ ಮೂರು ತಿಂಗಳೊಳಗೆ ಯಾವ ಮಗು ಯಾರ ಮನೆ ತಲುಪುತ್ತದೆ? ನಾನು ಗಳಿಕೆ ರಜೆಯನ್ನೆಲ್ಲ ಮುಗಿಸಿದೆ, ಮೇಲೆ ಒಂದು ತಿಂಗಳು ಸಂಬಳವಿಲ್ಲದೆ ಕೂತೆ.

ಬಂದ ಮೊದಲ ವಾರಗಳಲ್ಲಿ ಎಲ್ಲರೂ "ಎಷ್ಟು ಪಾಪದ ಮಗು, ರಾತ್ರಿ ಅಳೋದೇ ಇಲ್ಲ" ಅಂತ ಹೊಗಳುತ್ತಿದ್ದರು. ಒಂದು ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ನೋಡಿದರೆ ಅವಳು ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿದ್ದಾಳೆ. ಚಡ್ಡಿ, ಹಾಸಿಗೆ ಎಲ್ಲ ಒದ್ದೆ. ಎಷ್ಟು ಹೊತ್ತಿನಿಂದ ಹಾಗಿದ್ದಳೋ. ಅತ್ತರೆ ಯಾರಾದರೂ ಬರುತ್ತಾರೆ ಅನ್ನೋದೇ ಅವಳಿಗೆ ರೂಢಿ ಇರಲಿಲ್ಲ. ಅಲ್ಲಿ ಒಬ್ಬ ಆಯಾಗೆ ಎಷ್ಟೋ ಮಕ್ಕಳು.

ಇನ್ನೊಂದು ಬರೆಯಲು ಕಷ್ಟ. ಆ ವಾರಗಳಲ್ಲಿ ನನಗೆ ಅವಳ ಮೇಲೆ ಕನಿಕರ ಇತ್ತು, ಹೆದರಿಕೆ ಇತ್ತು. ಇಷ್ಟು ವರ್ಷ ಕಾದ ಪ್ರೀತಿ ಎಲ್ಲಿ ಅಂತ ಹುಡುಕಿದರೆ ಸಿಗುತ್ತಿರಲಿಲ್ಲ. ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ, ಸಂಜೆ ಅವರಮ್ಮ ಬಂದು ಕರೆದೊಯ್ಯುತ್ತಾಳೆ ಅನ್ನಿಸುತ್ತಿತ್ತು. ಅಷ್ಟೆಲ್ಲ ಬೇಡಿ ಪಡೆದ ಮೇಲೆ ಇದನ್ನು ಯಾರಿಗೆ ಹೇಳುವುದು? ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಶಿರಸಿಯ ಅಕ್ಕನಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, "ನನಗೆ ಆರು ತಿಂಗಳು ಹಿಡಿದಿತ್ತು. ನಮ್ಮನೆಯವರಿಗೂ ಹೇಳಿರ್ಲಿಲ್ಲ. ನೀವು ಬರೀ ಊಟ, ಸ್ನಾನ, ನಿದ್ದೆ ನೋಡ್ಕೊಳ್ಳಿ. ಉಳಿದದ್ದು ಬಿಟ್ಬಿಡಿ" ಅಂದರು. ನಲ್ಲಿ ಬಂದ್ ಮಾಡಿ ಹೊರಗೆ ಬಂದೆ. ಅಂಥ ಒಂದು ನಂಬರ್ ಇಲ್ಲದವರು ಏನು ಮಾಡುತ್ತಾರೋ. ಈಗ ನನ್ನ ನಂಬರನ್ನು ಆ ಮೇಡಂ ಹತ್ತಿರ ಕೊಟ್ಟಿದ್ದೇನೆ. ಇಲ್ಲಿಯವರೆಗೆ ಮೂರು ಮನೆಯವರು ಮಾತಾಡಿದ್ದಾರೆ.

ಜನವರಿ ಕೊನೆಯಲ್ಲಿ ಒಂದು ರಾತ್ರಿ ಅವಳು ಜೋರಾಗಿ ಅತ್ತಳು. ಮನೆಯವರೆಲ್ಲ ಎದ್ದು ಕೂತೆವು. ಅತ್ತೆ ದೀಪ ಹಾಕಿ ಬಂದು, "ಅಂತೂ ಕೂಗಿದ್ಳಲ್ಲ" ಅಂದರು. ಯಾರಿಗೂ ಮತ್ತೆ ನಿದ್ದೆ ಬರಲಿಲ್ಲ, ಬೇಸರವೂ ಆಗಲಿಲ್ಲ.

ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಒಂದು ಭೇಟಿಗೆ 2,000 ರೂಪಾಯಿ. ಎರಡನೇ ಭೇಟಿಗೆ ಅದೇ ಮೇಡಂ ಮಧ್ಯಾಹ್ನದ ಹೊತ್ತಿಗೆ ಬಂದರು. ಮಗಳು ಅಡುಗೆಮನೆಯ ಹೊಸ್ತಿಲ ಹತ್ತಿರ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಗಲ್ಲದ ಮೇಲೆಲ್ಲ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಮೇಡಂ ಫಾರಂ ತೆಗೆದು ತೂಕ ಬರೆದುಕೊಂಡರು, ಲಸಿಕೆ ಕಾರ್ಡ್ ನೋಡಿದರು. ಅತ್ತೆಯ ಕಡೆ ತಿರುಗಿ, "ಊಟ ಹೇಗೆ ಮಾಡ್ತಾಳಮ್ಮಾ?" ಅಂದರು.

ಅತ್ತೆ ಬಾಯಿ ತೆರೆಯುವ ಮೊದಲೇ ತಟ್ಟೆಯನ್ನು ನೆಲಕ್ಕೆ ಕುಟ್ಟಿದ ಸದ್ದು.

"ಅಜ್ಜೀ, ಹಾಕು!"

"ಇದು ಮೂರನೇದು" ಅಂದರು ಅತ್ತೆ, ಸೌಟು ತರಲು ಏಳುತ್ತಾ.